ಎರೆಯ ಹೊಲವೂ ದ್ರಾಕ್ಷಿಯ ತೋಟವೂ

ಗದಗ ಜಿಲ್ಲೆಯ ರೋಣ, ನರಗುಂದ ತಾಲ್ಲೂಕುಗಳ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅದರ ಬಹುಭಾಗ ಅಕ್ಟೋಬರು ಮುಗಿಯುವುದರೊಳಗೆ ಸುರಿದುಹೋಗುತ್ತದೆ. ಸೆಪ್ಟೆಂಬರಿನ ನಡುವಿನಿಂದ ಅಕ್ಟೋಬರಿನ ನಡುವಿನವರೆಗೆ ಬಿತ್ತಿದ ಹಿಂಗಾರಿ ಜೋಳವು ಆ ಬಳಿಕ ಹೆಚ್ಚುಕಡಮೆ ಮಳೆಯನ್ನೇ ಕಾಣದೆ ನಾಲ್ಕು ತಿಂಗಳು ಬೆಳೆದು, ಆಳೆತ್ತರ ನಿಂತು, ತೆನೆ ಬಲಿತು ಕೊಯ್ಲಿಗೆ ಬರುತ್ತದೆ. ಆಕಾಶವು ಕೊಡದ ನೀರನ್ನು ಈ ಪೈರಿಗೆ ಕೊಟ್ಟವರು ಯಾರು? ಉತ್ತರವು ನಮ್ಮ ಕಾಲ ಕೆಳಗಿನ ಎರೆಮಣ್ಣಿನಲ್ಲಿದೆ.

ಎರೆಮಣ್ಣಿನ ಕಣಗಳು ಬಹು ಸಣ್ಣವು. ಅದರಲ್ಲಿ ಅರ್ಧದಷ್ಟು ಭಾಗ ಜೇಡಿ. ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗಕ್ಕಿಂತ ಚಿಕ್ಕದಾದ ಕಣಗಳು. ಈ ಜೇಡಿಯಲ್ಲಿ ಸ್ಮೆಕ್ಟೈಟ್ ಎಂಬ ಖನಿಜ ಪ್ರಧಾನವಾಗಿದೆ. ಸ್ಮೆಕ್ಟೈಟಿನ ಕಣವನ್ನು ಒಂದು ಪುಸ್ತಕಕ್ಕೆ ಹೋಲಿಸಬಹುದು. ಅದರ ಹಾಳೆಯೊಂದರ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ನೀರಿನ ಅಣುಗಳು ಈ ಹಾಳೆಗಳ ನಡುವೆ ನುಗ್ಗಿ ಅವುಗಳನ್ನು ದೂರ ಸರಿಸುತ್ತವೆ, ಮಣ್ಣು ಹಿಗ್ಗುತ್ತದೆ. ನೀರು ಹೊರಟುಹೋದರೆ ಹಾಳೆಗಳು ಮತ್ತೆ ಕೂಡಿಕೊಳ್ಳುತ್ತವೆ, ಮಣ್ಣು ಕುಗ್ಗುತ್ತದೆ. ಒಂದೇ ಒಂದು ಗ್ರಾಂ ಶುದ್ಧ ಸ್ಮೆಕ್ಟೈಟಿನ ಎಲ್ಲ ಹಾಳೆಗಳನ್ನೂ ಬಿಡಿಸಿ ಹಾಸಿದರೆ ಐದಾರು ಕಬಡ್ಡಿ ಅಂಗಳಗಳನ್ನು ಮುಚ್ಚಬಹುದು. ಇಷ್ಟು ವಿಶಾಲವಾದ ಮೇಲ್ಮೈಗೆ ನೀರು ಅಂಟಿಕೊಂಡಿರುತ್ತದೆ ಎಂದ ಮೇಲೆ ಎರೆಯ ಸಂಗ್ರಹಶಕ್ತಿಗೆ ಆಶ್ಚರ್ಯಪಡಬೇಕಾಗಿಲ್ಲ.

ಈ ಸಂಗ್ರಹವೆಷ್ಟು ಎಂಬುದನ್ನು ಲೆಕ್ಕಹಾಕೋಣ. ಒಂದು ಮೀಟರು ಆಳದ ಒಳ್ಳೆಯ ಎರೆಮಣ್ಣು, ಬೇರುಗಳಿಗೆ ಎಟುಕುವಂತೆ, 150ರಿಂದ 200 ಮಿಲಿಮೀಟರಿನಷ್ಟು ನೀರನ್ನು ಹಿಡಿದಿಡಬಲ್ಲದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರೆಂದರೆ ಒಂದು ಲೀಟರು. ಒಂದು ಎಕರೆಗೆ ಸುಮಾರು 4,047 ಚದರ ಮೀಟರು. ಆದುದರಿಂದ ಎಕರೆಯೊಂದರ ಎರೆಯಲ್ಲಿ 6ರಿಂದ 8 ಲಕ್ಷ ಲೀಟರು ನೀರು ಅಡಗಿದೆಯೆಂದಾಯಿತು. ಕೆರೆಯಿಲ್ಲ, ಕಟ್ಟೆಯಿಲ್ಲ, ಹೊಲವೇ ಕೆರೆ! ಆದರೆ ಈ ಕೆರೆಯು ತನ್ನ ನೀರನ್ನೆಲ್ಲ ಕೊಡುವುದಿಲ್ಲ. ಮಣ್ಣು ಒಣಗಿದಂತೆ ಉಳಿದ ನೀರನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಆ ಹಿಡಿತವು ವಾತಾವರಣದ ಒತ್ತಡದ ಸುಮಾರು 15 ಪಟ್ಟಿಗೇರಿದಾಗ ಸಾಮಾನ್ಯ ಪೈರುಗಳ ಬೇರು ಸೋತುಬಿಡುತ್ತದೆ. ಮಣ್ಣಿನಲ್ಲಿ ಇನ್ನೂ ನೀರಿದ್ದರೂ ಗಿಡ ಬಾಡುತ್ತದೆ.

ಗಜೇಂದ್ರಗಡದ ಮರಳುಗಲ್ಲಿನ ಗುಡ್ಡಗಳ ಬುಡಕ್ಕೆ ಬಂದರೆ ನೋಟವೇ ಬೇರೆ. ಅಲ್ಲಲ್ಲಿ ಕೆಂಪಾದ, ತೆಳುವಾದ, ಮರಳು ಬೆರೆತ ಮಸಾರಿ ಭೂಮಿ ಕಾಣುತ್ತದೆ. ಮಸಾರಿಯು ನೀರನ್ನು ಬೇಗ ಕುಡಿಯುತ್ತದೆ, ಬೇಗ ಕಳೆದುಕೊಳ್ಳುತ್ತದೆ. ಆದಕಾರಣ ಮಳೆಯ ಜೊತೆಜೊತೆಗೇ ಬೆಳೆಯುವ ಸಜ್ಜೆ, ಶೇಂಗಾಗಳಂಥ ಮುಂಗಾರಿ ಬೆಳೆಗಳು ಅದಕ್ಕೆ ಒಪ್ಪುತ್ತವೆ. ಜೋಳ, ಕಡಲೆ, ಕುಸುಬೆ, ಜಯಧರ ಹತ್ತಿ ಮೊದಲಾದ ಹಿಂಗಾರಿ ಬೆಳೆಗಳಿಗೆ ಎರೆಯೇ ತವರು.

ಬೇಸಿಗೆಯಲ್ಲಿ ಎರೆ ಬಿರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಬಿರುಕುಗಳು ಕೈ ತೂರುವಷ್ಟು ಅಗಲವಾಗಿ, ಮೀಟರಿನಷ್ಟು ಆಳಕ್ಕೆ ಇಳಿಯುವುದುಂಟು. ಮೇಲಿನ ಪುಡಿಮಣ್ಣು ಅವುಗಳೊಳಗೆ ಉದುರುತ್ತದೆ. ಮಳೆ ಬಂದಾಗ ಕೆಳಗಿನ ಮಣ್ಣು ಹಿಗ್ಗಿ ಮೇಲಕ್ಕೊತ್ತುತ್ತದೆ. ಹೀಗೆ ಎರೆಯು ತನ್ನನ್ನು ತಾನೇ ಉಳುತ್ತದೆ. ಆದರೆ ಪೈರು ನಿಂತಿರುವಾಗ ಬಿರುಕು ಬಿಟ್ಟರೆ ಅಪಾಯ. ಅದರ ಎರಡು ಗೋಡೆಗಳಿಂದಲೂ ನೀರು ಆವಿಯಾಗುತ್ತದೆ, ಬೇರುಗಳು ಹರಿಯುತ್ತವೆ. ಇದಕ್ಕೆ ನಮ್ಮ ರೈತರು ಕಂಡುಕೊಂಡ ಮದ್ದು ಎಡೆಕುಂಟೆ. ಸಾಲುಗಳ ನಡುವೆ ಕುಂಟೆ ಹೊಡೆದಾಗ ಬಿರುಕುಗಳು ಮುಚ್ಚುತ್ತವೆ. ಮೇಲೆ ಒಣಪುಡಿಯ ಹೊದಿಕೆಯೊಂದು ಏಳುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸಣ್ಣ ರಂಧ್ರಗಳಲ್ಲಿ ನೀರು ಮೇಲೇರುತ್ತದಷ್ಟೆ. ಈ ಕೇಶಾಕರ್ಷಣದ ದಾರಿಯನ್ನು ಆ ಪುಡಿಯ ಹೊದಿಕೆ ಕಡಿದುಹಾಕುತ್ತದೆ. ಕುಂಟೆಯು ಕಳೆಯನ್ನು ಕೀಳುವುದಲ್ಲದೆ ನೀರನ್ನೂ ಕಾಯುತ್ತದೆ.

ಈಗ ಫ್ರಾನ್ಸ್ ದೇಶದ ಕಡೆಗೆ ನೋಡೋಣ. ಬೋರ್ಡೊ ನಗರದ ಪೂರ್ವಕ್ಕೆ ಪೊಮೆರೋಲ್ ಎಂಬ ಪುಟ್ಟ ಪ್ರದೇಶವಿದೆ. ಅಲ್ಲಿಯ ಪೆತ್ರೂಸ್ ಎಂಬ ದ್ರಾಕ್ಷಿಯ ತೋಟದ ವಿಸ್ತೀರ್ಣ ಸುಮಾರು 11 ಹೆಕ್ಟೇರು ಮಾತ್ರ. ಆದರೂ ಅದರ ದ್ರಾಕ್ಷಾಮದ್ಯ ಜಗತ್ತಿನ ಅತ್ಯಂತ ಬೆಲೆಬಾಳುವ ಮದ್ಯಗಳಲ್ಲೊಂದು. ಈ ಕೀರ್ತಿಗೆ ಅಲ್ಲಿಯವರು ಹೇಳುವ ಮುಖ್ಯ ಕಾರಣ, ತೋಟದ ನೀಲಿ ಛಾಯೆಯ ಜೇಡಿಮಣ್ಣು. ಆ ಜೇಡಿ ಯಾವುದು? ನಮ್ಮ ಎರೆಯಲ್ಲಿರುವ ಅದೇ ಸ್ಮೆಕ್ಟೈಟ್! ರೋಣದ ಜೋಳಕ್ಕೂ ಪೆತ್ರೂಸಿನ ಮೆರ್ಲೋ ದ್ರಾಕ್ಷಿಗೂ ಒಂದೇ ಜಾತಿಯ ಖನಿಜವು ನೀರುಣಿಸುತ್ತಿದೆ.

ಮಣ್ಣಿನ ರುಚಿಯೇ ಹಣ್ಣಿಗಿಳಿಯುತ್ತದೆಂದು ಹಲವರು ನಂಬುತ್ತಾರೆ. ಬೋರ್ಡೊ ವಿಶ್ವವಿದ್ಯಾನಿಲಯದ ಜೆರಾರ್ ಸೆಗ್ಯಾಂ ಎಂಬ ವಿಜ್ಞಾನಿ ದೀರ್ಘಕಾಲದ ಅಧ್ಯಯನದ ಬಳಿಕ, 1986ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬೇರೆಯೇ ಆದ ತೀರ್ಮಾನವನ್ನು ಮುಂದಿಟ್ಟರು. ಮದ್ಯದ ಗುಣಕ್ಕೆ ಮಣ್ಣಿನ ಯಾವುದೋ ಒಂದು ಖನಿಜಾಂಶಕ್ಕಿಂತ, ಮಣ್ಣು ಬಳ್ಳಿಗೆ ನೀರನ್ನು ಹೇಗೆ ಅಳೆದು ಕೊಡುತ್ತದೆಂಬುದು ಮುಖ್ಯ. ಹಣ್ಣು ಬಣ್ಣಗಟ್ಟುವ ಮುನ್ನ ನೀರಿನ ಹಿತವಾದ ಕೊರತೆಯಾದರೆ ಬಳ್ಳಿಯ ಚಿಗುರು ನಿಲ್ಲುತ್ತದೆ, ಹಣ್ಣು ಚಿಕ್ಕದಾಗುತ್ತದೆ. ಗೋಳದ ತ್ರಿಜ್ಯ ಅರ್ಧವಾದರೆ ಗಾತ್ರಕ್ಕೆ ಹೋಲಿಸಿದ ಮೇಲ್ಮೈ ಎರಡು ಪಟ್ಟಾಗುತ್ತದೆ. ಕೆಂಪು ಮದ್ಯದ ಬಣ್ಣವೂ ಒಗರೂ ಬಹುಮಟ್ಟಿಗೆ ಸಿಪ್ಪೆಯಿಂದ ಬರುವುದರಿಂದ, ಸಣ್ಣ ಹಣ್ಣಿನ ಮದ್ಯ ಗಾಢವಾಗುತ್ತದೆ.

ನಮ್ಮ ಜೋಳದ ಕಥೆಯೂ ಇಂಥದೇ. ಮುಂಗಾರಿ ಜೋಳದ ತೆನೆ ಮಳೆಗೆ ಸಿಕ್ಕರೆ ಕಾಳಿಗೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಹಿಂಗಾರಿ ಜೋಳವು ಎರೆಯ ಗಂಟಿನಿಂದ ನೀರು ಕುಡಿಯುತ್ತ, ಒಣ ಗಾಳಿಯಲ್ಲಿ ಬಲಿಯುತ್ತದೆ. ಮಾಲದಂಡಿ ಎಂದು ಹೆಸರಾದ ಎಂ 35-1 ತಳಿಯ ಕಾಳು ಮುತ್ತಿನಂತೆ ಹೊಳೆಯುವುದಕ್ಕೂ, ಅದರ ರೊಟ್ಟಿ ಬೆಳ್ಳಗಿರುವುದಕ್ಕೂ ತಳಿಯ ಗುಣದೊಂದಿಗೆ ಈ ಒಣ ಹವೆಯೂ ಕಾರಣ. ಒಣ ಹವೆಯಲ್ಲಿ ಬಲಿಯಲು ಅದಕ್ಕೆ ಅವಕಾಶ ಕೊಟ್ಟದ್ದು ಎರೆ.

ಬೆಳೆದ ಮೇಲೆ ಮನುಷ್ಯನ ಸಂಪ್ರದಾಯದ ಪಾತ್ರ ಆರಂಭವಾಗುತ್ತದೆ. ಫ್ರಾನ್ಸಿನಲ್ಲಿ ದ್ರಾಕ್ಷಿಯನ್ನು ಸಿಪ್ಪೆಸಹಿತ ತೊಟ್ಟಿಯಲ್ಲಿ ಹುದುಗಿಸಿ, ಓಕ್ ಮರದ ಪೀಪಾಯಿಗಳಲ್ಲಿ ತಂಪಾದ ನೆಲಮನೆಯಲ್ಲಿ ಇಡುತ್ತಾರೆ. ನಮ್ಮಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಸುತ್ತಲೂ ಹುಲ್ಲು ಹಾಸಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಕಾಳೂ ಹುಳುಗಳೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳುಗಳು ತಾವು ಮಾಡಿದ ಗಾಳಿಯಿಂದಲೇ ಸಾಯುತ್ತವೆ. ಔಷಧಿಯಿಲ್ಲದೆ ಕಾಳು ಉಳಿಯುತ್ತದೆ. ಆದರೆ ಅದೇ ಗಾಳಿ ಮನುಷ್ಯನಿಗೂ ಮೃತ್ಯು. ಮದ್ಯದ ತೊಟ್ಟಿಯಲ್ಲಿಯೂ ಹುದುಗುವಾಗ ಇದೇ ಅನಿಲ ಹುಟ್ಟುತ್ತದೆ. ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುವ ವಾಡಿಕೆ ನಮ್ಮಲ್ಲಿ. ಮೇಣದ ಬತ್ತಿ ಹಿಡಿದು ನೆಲಮನೆಗೆ ಇಳಿಯುವ ವಾಡಿಕೆ ಅವರಲ್ಲಿ. ದೀಪ ಉರಿದ ಮಾತ್ರಕ್ಕೆ ಕ್ಷೇಮವೆಂದು ನಂಬುವಂತಿಲ್ಲ. ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಿಸಿದ ಮೇಲೆಯೇ, ಮೇಲೆ ಜನರಿರುವಾಗ, ಇಳಿಯಬೇಕು.

ಎರೆಯ ಗುಣವೇ ಅದರ ದೋಷವೂ ಆಗಬಲ್ಲದು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ, 1970ರ ದಶಕದಲ್ಲಿ ಈ ಸೀಮೆಗೆ ಕಾಲುವೆ ಬಂದಿತು. ನೀರಾವರಿಯ ಅಭಿವೃದ್ಧಿ ಕರವನ್ನು ವಿರೋಧಿಸಿ 1980ರ ಜುಲೈ 21ರಂದು ನರಗುಂದದಲ್ಲಿ ನಡೆದ ರೈತ ಬಂಡಾಯವನ್ನು ನಾಡು ಬಲ್ಲದು. ಆ ಕರದ ಜಗಳದ ಜೊತೆಗೆ ಮಣ್ಣಿನ ಪ್ರಶ್ನೆಯೂ ಒಂದಿತ್ತು. ಹಿಗ್ಗಿದ ಜೇಡಿಯೊಳಗೆ ನೀರು ಅತಿ ನಿಧಾನವಾಗಿ ಹರಿಯುತ್ತದೆ. ಬಸಿಗಾಲುವೆಗಳಿಲ್ಲದೆ ಮೇಲಿಂದ ಮೇಲೆ ನೀರುಣಿಸಿದರೆ ಅದು ಬಸಿಯದೆ ನಿಂತು ನೆಲ ಜವಳಾಗುತ್ತದೆ. ಕೆಳಗಿನ ಲವಣಗಳು ನೀರಿನೊಡನೆ ಮೇಲೇರುತ್ತವೆ. ನೀರು ಆವಿಯಾಗಿ ಉಪ್ಪು ಮಾತ್ರ ಉಳಿದು ನೆಲ ಸವಳಾಗುತ್ತದೆ. ಮಲಪ್ರಭೆಯ ಅಚ್ಚುಕಟ್ಟಿನ ಎಷ್ಟೋ ಹೊಲಗಳು ಹೀಗೆ ಕೆಟ್ಟಿವೆ. ನೀರು ತರುವುದು ಅರ್ಧ ಕೆಲಸ, ಬಸಿಯುವುದು ಇನ್ನರ್ಧ.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಣಗಿಸಿ ಪುಡಿಮಾಡಿದ ಎರೆಯನ್ನೂ ಮಸಾರಿಯನ್ನೂ ಎರಡು ಗಾಜಿನ ಲೋಟಗಳಲ್ಲಿ ಸಮನಾದ ಎತ್ತರಕ್ಕೆ ತುಂಬಿ, ಸಮನಾಗಿ ನೀರೆರೆದು, ಮರುದಿನ ಎತ್ತರವನ್ನು ಅಳೆಯಿರಿ. ಬಳಿಕ ಬಿಸಿಲಿಗಿಟ್ಟು ಪ್ರತಿದಿನವೂ ತೂಗಿರಿ. ಯಾವುದು ಹಿಗ್ಗಿತು, ಯಾವುದು ಬಿರಿಯಿತು, ಯಾವುದು ಎಷ್ಟು ದಿನ ನೀರನ್ನು ಉಳಿಸಿಕೊಂಡಿತು ಎಂಬುದನ್ನು ಬರೆದಿಡಿರಿ. ನಿಮ್ಮ ಊರಿನ ಹೊಲಗಳಲ್ಲಿ ಯಾವ ಬೆಳೆ ಯಾವ ನೆಲದಲ್ಲಿ ಏಕಿದೆ ಎಂಬ ಪ್ರಶ್ನೆಗೆ ಆ ಅಂಕಿಗಳೇ ಉತ್ತರ ಹೇಳುವುವು.