ನೀರು ಇಳಿಯಿತು, ಗೋಡೆ ಒಣಗಿತಾ?

ಮಳೆ ಸುರಿದ ರಾತ್ರಿ ನಾವು ಟಿವಿಯವರು ಕ್ಯಾಮೆರಾ ಹಿಡಿದು ಓಡ್ತೀವಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ಓಡಿದೆವು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರಕ್ಕೆ ಓಡಿದೆವು. ಬೋಟು, ಟ್ರ್ಯಾಕ್ಟರು, ತೇಲೋ ಸಾಮಾನು ಎಲ್ಲಾ ತೋರಿಸಿದೆವು. ನೀರು ಇಳಿದ ಮೇಲೆ ವಾಪಸ್ ಬಂದೆವು. ಆದರೆ ಮನೆಯವರಿಗೆ ನಿಜವಾದ ಕಷ್ಟ ಶುರುವಾಗೋದೇ ಆಮೇಲೆ. ಅದು ಸುದ್ದಿಯಾಗಲ್ಲ. ಯಾಕಂದ್ರೆ ಗೋಡೆಯೊಳಗಿನ ನೀರು ಕ್ಯಾಮೆರಾಗೆ ಕಾಣಲ್ಲ.

ಅದರಲ್ಲೂ ಹಳೇ ಮನೆಗಳ ಪಾಡು ಬೇರೆಯೇ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಒಳರಸ್ತೆಗಳಿಗೆ ಹೋಗಿ ನೋಡಿ. ಅಜ್ಜ ಮನೆ ಕಟ್ಟಿಸಿದಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಿತ್ತು. ಡಾಂಬರಿನ ಮೇಲೆ ಡಾಂಬರು ಸುರಿದು ರಸ್ತೆ ಎತ್ತರವಾಯ್ತು. ಈಗ ಎಷ್ಟೋ ಮನೆಗಳಿಗೆ ಮೆಟ್ಟಿಲು ಇಳಿದು ಹೋಗಬೇಕು. ಮಳೆ ನೀರಿಗೂ ಅದೇ ದಾರಿ.

ಮೊದಲು ಜೀವದ ಮಾತು. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟ್ ಭಾಗದ ಅಪಾರ್ಟ್‌ಮೆಂಟ್ ಒಂದರಲ್ಲಿ ಮಳೆನೀರನ್ನು ಪಂಪ್ ಮಾಡಿ ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು. ಅವರಲ್ಲಿ ಒಬ್ಬ 12 ವರ್ಷದ ಹುಡುಗ. ಹಾಗಾಗಿ ನೀರಿಗೆ ಕಾಲಿಡುವ ಮೊದಲು ಮೇನ್ ಸ್ವಿಚ್ ಆಫ್ ಆಗಿರಬೇಕು. ನೀರಲ್ಲಿ ನಿಂತು ಸ್ವಿಚ್ ಮುಟ್ಟೋ ಪರಿಸ್ಥಿತಿ ಇದ್ದರೆ ಮುಟ್ಟಲೇಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಎಲೆಕ್ಟ್ರಿಷಿಯನ್ ನೋಡಿ ಸರಿ ಅನ್ನೋವರೆಗೆ ಫ್ಯಾನೂ ಬೇಡ, ಫ್ರಿಜ್ಜೂ ಬೇಡ.

ಈಗ ಗೋಡೆಗೆ ಬರೋಣ. ದೀಪದ ಬತ್ತಿ ಎಣ್ಣೆಯನ್ನು ಹೇಗೆ ಮೇಲಕ್ಕೆ ಎಳೆಯುತ್ತೋ, ಇಟ್ಟಿಗೆಯೂ ನೀರನ್ನು ಹಾಗೇ ಎಳೆಯುತ್ತೆ. ಒಂದು ಅಡಿ ನೀರು ನಿಂತಿತ್ತು ಅಂದರೆ ಗೋಡೆ ಒಂದು ಅಡಿವರೆಗೆ ಮಾತ್ರ ಒದ್ದೆಯಾಗಿದೆ ಅಂದುಕೊಳ್ಳಬೇಡಿ. ಒದ್ದೆ ಅದಕ್ಕಿಂತ ಮೇಲೆ ಹತ್ತಿರುತ್ತೆ. ಹೊರಗೆ ಬರೋದು ಮಾತ್ರ ನಿಧಾನ. ಗೋಡೆಯ ಒಂದು ಇಂಚು ದಪ್ಪ ಒಣಗೋಕೆ ಸುಮಾರು ಒಂದು ತಿಂಗಳು ಅನ್ನೋದು ಸ್ಥೂಲ ಲೆಕ್ಕ. ಎರಡೂ ಕಡೆ ಗಾಳಿ ಆಡಿದರೆ ಬೇಗ ಆಗುತ್ತೆ. ಆದರೂ ಒಂದೂವರೆ ಅಡಿ ದಪ್ಪದ ಹಳೇ ಗೋಡೆಗೆ ಎಷ್ಟು ಕಾಲ ಬೇಕು, ನೀವೇ ಲೆಕ್ಕ ಹಾಕಿ.

ನಾವು ಮಾಡೋದೇನು? ಮುಂದೆ ದೀಪಾವಳಿ ಇರುತ್ತೆ. ಪೇಂಟರ್‌ನ ಕರೆಸ್ತೀವಿ. ಮೇಲೆ ಒಣಗಿದಂತೆ ಕಂಡ ಗೋಡೆಗೆ ಸಿಮೆಂಟ್ ಮೆತ್ತಿಸಿ, ಪುಟ್ಟಿ ಹಾಕಿಸಿ, ಹೊಳೆಯೋ ಪೇಂಟ್ ಹೊಡೆಸ್ತೀವಿ. ಮೂರು ತಿಂಗಳಿಗೆ ಗುಳ್ಳೆ ಏಳುತ್ತೆ, ಬಿಳಿ ಉಪ್ಪು ಒಡೆದು ಬರುತ್ತೆ, ಪೇಂಟ್ ಸಿಪ್ಪೆ ಸಿಪ್ಪೆಯಾಗಿ ಬೀಳುತ್ತೆ. ಬೈಯೋದು ಪೇಂಟರ್‌ಗೆ! ತಪ್ಪು ಅವನದಲ್ಲ. ಹಳೇ ಮನೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ, ಕೆಲವನ್ನು ಮಣ್ಣಿನಲ್ಲಿ. ಸುಣ್ಣದ ಗಾರೆಯಲ್ಲಿರೋ ಸಣ್ಣ ರಂಧ್ರಗಳ ಮೂಲಕ ತೇವ ಆವಿಯಾಗಿ ಹೊರಗೆ ಹೋಗುತ್ತೆ. ಅದರ ಮೇಲೆ ಸಿಮೆಂಟು, ಎನಾಮೆಲ್ ಬಳಿದರೆ ಆ ದಾರಿಯನ್ನು ನಾವೇ ಮುಚ್ಚಿದಂತೆ.

ಹಾಗಾದರೆ ಏನು ಮಾಡಬೇಕು? ಮೊದಲ ಎರಡು ದಿನ ಬಹಳ ಮುಖ್ಯ. ಯಾಕಂದ್ರೆ 24ರಿಂದ 48 ಗಂಟೆಯೊಳಗೆ ಬೂಷ್ಟು ಹುಟ್ಟಿಕೊಳ್ಳುತ್ತೆ. ಬಂದಿದ್ದು ಬರೀ ಮಳೆನೀರಲ್ಲ, ಚರಂಡಿ ನೀರೂ ಸೇರಿರುತ್ತೆ. ಗಂಬೂಟು, ಗ್ಲೌಸು ಹಾಕಿಕೊಂಡು ಕೆಸರು ತೆಗೆದು ಸೋಪಿನ ನೀರಲ್ಲಿ ತೊಳೆಯಿರಿ. ಸಂಪ್ ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ಆಸಿಡ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಏಳುತ್ತೆ. ನೆನೆದ ಹಾಸಿಗೆ ಮೇಲೆ ಮಮತೆ ಬೇಡ, ಎಸೆಯಿರಿ. ಬೀರು, ಮಂಚ, ಕಪಾಟು ಗೋಡೆಯಿಂದ ಒಂದು ಅಡಿ ಈಚೆ ಬರಲಿ.

ಆಮೇಲೆ ಗಾಳಿ. ಬಿಸಿಲಿದ್ದಾಗ ಎದುರುಬದುರು ಕಿಟಕಿ ತೆಗೆದಿಡಿ. ಹೊರಗೆ ಮಳೆ ಹನಿಯುವಾಗ ಮುಚ್ಚಿ, ಇಲ್ಲದಿದ್ದರೆ ಹೊರಗಿನ ತೇವವೂ ಒಳಗೆ ಬರುತ್ತೆ. ಹೀಟರ್ ಇಟ್ಟು ಆತುರ ಪಡಬೇಡಿ, ಹಳೇ ಮರ ಸೀಳು ಬಿಡುತ್ತೆ. ಗೋಡೆಯನ್ನು ಬೆರಳಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ತೆಗೆಸಿ ಇಟ್ಟಿಗೆಗೆ ಗಾಳಿ ಸೋಕಲಿ. ಗೋಡೆಯೊಳಗೆ ಹೂತಿರೋ ತೊಲೆಯ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಇಳಿದರೆ ಮರ ಕೊಳೆತಿದೆ ಅಂತ ಅರ್ಥ. ಇನ್ನು, ಗೋಡೆ ಉಬ್ಬಿದ್ದರೆ, ಹೊಸ ಬಿರುಕು ಬಿಟ್ಟಿದ್ದರೆ, ಅದರಲ್ಲೂ ಮಣ್ಣಿನ ಗೋಡೆಯಾಗಿದ್ದರೆ, ಆ ರಾತ್ರಿ ಅಲ್ಲಿ ಮಲಗಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲಿ.

ಒಣಗಿದೆಯೋ ಇಲ್ಲವೋ ತಿಳಿಯೋದು ಹೇಗೆ? ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಗಡೆ ಹನಿ ಕಂಡರೆ ಗೋಡೆಯಲ್ಲಿ ಇನ್ನೂ ನೀರಿದೆ. ಹೊರಗಡೆ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ. ಖರ್ಚು ಹತ್ತಿಪ್ಪತ್ತು ರೂಪಾಯಿ, ಉಳಿಯೋದು ಸಾವಿರಾರು.

ಒಳಗಡೆ ಹನಿ ನಿಂತ ಮೇಲೆ ಸುಣ್ಣದ ಗಾರೆಯಿಂದಲೇ ರಿಪೇರಿ ಮಾಡಿಸಿ, ಸುಣ್ಣವನ್ನೇ ಬಳಿಸಿ. ಆ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ, ಆದರೂ ಹುಡುಕಿ. ಬಾಡಿಗೆಗೆ ಕೊಟ್ಟಿರೋ ಓನರ್‌ಗಳಿಗೂ ಒಂದು ಮಾತು: ಬಣ್ಣ ಬಳಿದು ಹೊಸಬರಿಗೆ ಮನೆ ತೋರಿಸಬಹುದು, ಆದರೆ ಆ ಬೂಷ್ಟಿನ ಗಾಳಿ ಕುಡಿಯೋದು ಅವರ ಮಗು. ಆಸ್ತಮಾ ಇರೋರಿಗಂತೂ ಅದು ನೇರವಾಗಿ ಎದೆಗೇ ತೊಂದರೆ.

1898ರ ಪ್ಲೇಗ್ ನಂತರ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೇ ಜನಕ್ಕೆ ಗಾಳಿ ಬೆಳಕು ಸಿಗಲಿ ಅಂತ. ಒದ್ದೆಯಾದ ಆ ಮನೆಗಳಿಗೆ ಇವತ್ತಿಗೂ ಬೇಕಾದ ಔಷಧ ಅದೇ, ಜೊತೆಗೆ ಒಂದಿಷ್ಟು ಕಾಲ. ಈ ದೀಪಾವಳಿಗೆ ನಿಮ್ಮ ಗೋಡೆ ಬೋಳಾಗಿ ಕಂಡರೆ ಕಾಣಲಿ ಬಿಡಿ. ನೆಂಟರು ಕೇಳಿದರೆ "ಒಣಗ್ತಾ ಇದೆ" ಅನ್ನಿ. ಬಣ್ಣ ಮುಂದಿನ ವರ್ಷದ ಹಬ್ಬಕ್ಕೆ ಬಳಿದರಾಯ್ತು.