ಕಾಲು ನೆಲಕ್ಕೆ ಮುಟ್ಟುತ್ತದೋ? ಮೊದಲು ಅದು ನೋಡಿ!

ಮಾವಿನಕುರ್ವೆ: ಮಗನಿಗೆ ಬೈಕು ಬೇಕು. ಅಪ್ಪನಿಗೆ ಬೇಡ. ಅಮ್ಮನಿಗೆ ಹೆದರಿಕೆ. ಭಟ್ಕಳ ಬಂದರದ ಬದಿಯ ಮಾವಿನಕುರ್ವೆಯ ಒಂದು ಮನೆಯಲ್ಲಿ ಎರಡು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಇದೇ ತಕರಾರು.

ಹುಡುಗನಿಗೆ ಹತ್ತೊಂಬತ್ತು ವರ್ಷ. ಎಲ್.ಎಲ್. ಕೈಗೆ ಬಂದು ಮೂರು ವಾರವೂ ಆಗಿಲ್ಲ. ಅಪ್ಪ ಹಳೇ ಸ್ಪ್ಲೆಂಡರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಹಾಡುವಳ್ಳಿ, ಕೋಣಾರ ಕಡೆ ಮನೆಮನೆಗೆ ಮೀನು ಕೊಟ್ಟು ಸಂಸಾರ ನಡೆಸಿದವರು. ಈಗ ಮಂಡಿ ನೋವು. ಮಳೆಗಾಲ ಕಳೆದ ಮೇಲೆ ಆ ಲೈನು ಮಗನದ್ದು. ಮಗನ ಕಣ್ಣು ಮಾತ್ರ ಬಿದ್ದದ್ದು ಎತ್ತರದ ಬೈಕಿನ ಮೇಲೆ. ಮುಂದೆ ದೊಡ್ಡ ಗಾಲಿ, ಕೊಕ್ಕಿನಂಥ ಮಡ್‌ಗಾರ್ಡು, ಮೇಲಕ್ಕೆತ್ತಿದ ಸೈಲೆನ್ಸರು. ಡಾಂಬರಿಗೂ ಸೈ, ಕಚ್ಚಾ ದಾರಿಗೂ ಸೈ ಎನ್ನುವ ಜಾತಿ.

"ಗುಡ್ಡದ ದಾರಿಗೆ ಅದೇ ಸಮ ಅಪ್ಪ," ಅಂತ ಮಗ.

"ನಾನು ಇಪ್ಪತ್ತು ವರ್ಷ ಯಾವುದರಲ್ಲಿ ಹೋದದ್ದು ಹಂಗಾರೆ?" ಅಂತ ಅಪ್ಪ.

ಮಾತಿನಲ್ಲಿ ಇಬ್ಬರದ್ದೂ ಸುಳ್ಳಲ್ಲ. ಆದರೆ ಇದು ಬರೀ ಷೋಕಿಯ ಪ್ರಶ್ನೆಯೂ ಅಲ್ಲ. ಕೈತಪ್ಪಿ ಬಿದ್ದರೆ ಮುರಿಯುವುದು ಹುಡುಗನ ಕಾಲು ಮಾತ್ರವಲ್ಲ, ಮನೆಯ ದುಡಿಮೆಯ ಕಾಲೂ ಮುರಿಯುತ್ತದೆ. ಇಂಥ ಮನೆ ಹೊನ್ನಾವರ, ಕುಮಟಾ ಕಡೆಯೂ ಬೇಕಾದಷ್ಟಿವೆ. ಹಾಗಾಗಿ ಅಂಗಡಿ ಕಟ್ಟೆಯ ಮೇಲೆ, ಬಸ್ಸಿನ ಸೀಟಿನಲ್ಲಿ ನಡೆಯುವ ಈ ಚರ್ಚೆಯನ್ನು ಒಂದಿಷ್ಟು ಅಳತೆ ಲೆಕ್ಕ ಇಟ್ಟುಕೊಂಡು ನೋಡುವುದು ಒಳ್ಳೆಯದು.

ಈ ಜಾತಿ ಬಂದದ್ದು ಎಲ್ಲಿಂದ?

ಒಂದೇ ಬೈಕು ಊರಿಗೂ ಕಾಡಿಗೂ ಆಗಬೇಕು ಎಂಬ ಆಸೆ ಹಳೆಯದು. 1968ರಲ್ಲಿ ಜಪಾನಿನ ಯಮಹಾ ಕಂಪನಿ ಡಿಟಿ-1 ಎಂಬ 250 ಸಿಸಿ ಬೈಕು ತಂದಾಗ ಅಮೆರಿಕದಲ್ಲಿ ಜನ ಮುಗಿಬಿದ್ದರು. ನಮ್ಮಲ್ಲಿ ಆ ಕಾಲಕ್ಕೆ ಇಂಥ ಐಷಾರಾಮ ಇರಲಿಲ್ಲ. ಇದ್ದದ್ದು ರಾಜದೂತ್, ಮತ್ತೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಘಾಟಿಯೋ, ಗದ್ದೆ ಬದುವೋ, ಜನ ಅವನ್ನೇ ಓಡಿಸಿದರು.

2011ರಲ್ಲಿ ಹೀರೋ ಕಂಪನಿ ಇಂಪಲ್ಸ್ ಎಂಬ 150 ಸಿಸಿ ಬೈಕು ಬಿಟ್ಟಿತು. ಎತ್ತರ ಇತ್ತು, ಸಸ್ಪೆನ್ಷನ್ ಇತ್ತು, ಎಂಜಿನ್ನಿಗೆ ದಮ್ಮು ಸಾಲದು ಎಂದರು ಜನ. ಕೆಲವು ವರ್ಷಕ್ಕೆ ಅದು ನಿಂತೇ ಹೋಯಿತು. 2019ರಲ್ಲಿ ಅದೇ ಕಂಪನಿ ಎಕ್ಸ್‌ಪಲ್ಸ್ 200 ತಂದ ಮೇಲೆ ಈ ಜಾತಿ ಸಾಮಾನ್ಯನ ಕೈಗೆ ಸಿಗುವಂತಾಯಿತು. 2021ರಲ್ಲಿ ನಾಲ್ಕು ವಾಲ್ವಿನ ಎಂಜಿನ್ನು ಬಂತು. 2025ರಲ್ಲಿ ನೀರಿನಿಂದ ತಣಿಯುವ ಎಂಜಿನ್ನಿನ ಎಕ್ಸ್‌ಪಲ್ಸ್ 210 ಬಂತು. ಕವಾಸಾಕಿಯ ಕೆಎಲ್ಎಕ್ಸ್ 230, ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಕೂಡ ಹುಡುಗರ ಮೊಬೈಲಿನಲ್ಲಿ ಓಡಾಡುತ್ತಿವೆ.

ಟೇಪು ಹಿಡಿಯಿರಿ!

ಹೊಸಬ ಮೊದಲು ನೋಡಬೇಕಾದ್ದು ಸಿಸಿಯನ್ನಲ್ಲ, ಸೀಟಿನ ಎತ್ತರವನ್ನು.

ಸ್ಪ್ಲೆಂಡರಿನ ಸೀಟು ನೆಲದಿಂದ 785 ಮಿಲಿಮೀಟರು. ಎಕ್ಸ್‌ಪಲ್ಸ್ 200 ನಾಲ್ಕು ವಾಲ್ವಿನದ್ದು 825, ಎಕ್ಸ್‌ಪಲ್ಸ್ 210ರದ್ದು 830. ಕೆಎಲ್ಎಕ್ಸ್ 230ರದ್ದು 880. ಹಿಮಾಲಯನ್ 450ರ ಸೀಟು 825ರಿಂದ 845ರವರೆಗೆ ಏರಿಸಿ ಇಳಿಸಬಹುದು.

ಇನ್ನು ನಿಮ್ಮ ಕಾಲಿನ ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ಎರಡು ತೊಡೆಯ ನಡುವೆ ಮೇಲಕ್ಕೊತ್ತಿ ಹಿಡಿದು, ಅದರ ಮೇಲ್ತುದಿಯಿಂದ ನೆಲಕ್ಕೆ ಅಳೆಯಿರಿ. ಮಾವಿನಕುರ್ವೆಯ ಹುಡುಗನ ಎತ್ತರ 5 ಅಡಿ 5 ಅಂಗುಲ. ಕಾಲಿನ ಒಳ ಅಳತೆ ಬಂದದ್ದು 760 ಮಿಲಿಮೀಟರು. 825ರ ಸೀಟಿಗೆ ಆರೂವರೆ ಸೆಂಟಿಮೀಟರು ಕಮ್ಮಿ. ಕೂತಾಗ ಸಸ್ಪೆನ್ಷನ್ ಎರಡು ಮೂರು ಸೆಂಟಿಮೀಟರು ಕುಸಿಯುತ್ತದೆ, ಬೂಟು ಎರಡು ಮೂರು ಕೊಡುತ್ತದೆ. ಆದರೆ ಸೀಟಿನ ಅಗಲ ತೊಡೆಯನ್ನು ಹೊರಗೆ ತಳ್ಳುತ್ತದೆ. ಒಟ್ಟು ಲೆಕ್ಕ: ಎರಡೂ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ.

ಪಳಗಿದವರು ಇದಕ್ಕೆ ಅಂಜುವುದಿಲ್ಲ. ಸೊಂಟ ಒಂದಿಷ್ಟು ಜಾರಿಸಿ ಎಡಗಾಲು ಪೂರ್ತಿ ಊರುತ್ತಾರೆ, ಬಲಗಾಲು ಬ್ರೇಕಿನ ಮೇಲೆ ಇರುತ್ತದೆ. ಹೊಸಬ ಇದನ್ನು ಕಲಿಯಬಹುದು, ಕಲಿಯಲೇಬೇಕು. ಆದರೆ ನಮ್ಮ ರಸ್ತೆಯಲ್ಲಿ ಒಂದು ಮೋಸ ಇದೆ. ಡಾಂಬರು ಎಡಕ್ಕೆ ಇಳಿಜಾರು. ಅದರ ಅಂಚು ಮುಗಿದಲ್ಲಿ ಮಣ್ಣು ಇನ್ನೂ ಎರಡು ಮೂರು ಅಂಗುಲ ಕೆಳಗೆ. ಹಿಂದೆ ಲಾರಿ ಹಾರ್ನು ಹಾಕಿತೆಂದು ಗಡಿಬಿಡಿಯಲ್ಲಿ ಬದಿಗೆ ನಿಲ್ಲಿಸಿ ಎಡಗಾಲು ಚಾಚಿದರೆ, ನೆಲ ಇರಬೇಕಾದಲ್ಲಿ ನೆಲ ಇಲ್ಲ! ಬೈಕು ಮಲಗಿತು. ಹೊಸಬರು ಓಡುವಾಗ ಬೀಳುವುದಕ್ಕಿಂತ ಹೀಗೆ ನಿಲ್ಲುವಾಗ ಬೀಳುವುದೇ ಜಾಸ್ತಿ ಎಂಬುದು ಗ್ಯಾರೇಜಿನವರ ಅನುಭವದ ಮಾತು.

ಸೀಟಿನ ಸ್ಪಂಜು ಕೊರೆಸಿ ತಗ್ಗಿಸಬಹುದು. ಒಂದೆರಡು ಸೆಂಟಿಮೀಟರು ಸಿಗುತ್ತದೆ, ಕೂರುವಲ್ಲಿ ಹಲಗೆಯಂತೆ ಗಟ್ಟಿಯಾಗುತ್ತದೆ. ಸಸ್ಪೆನ್ಷನ್ನಿನ ಕೊಂಡಿ ಬದಲಿಸಿ ಬೈಕನ್ನೇ ತಗ್ಗಿಸುವವರೂ ಇದ್ದಾರೆ. ಆಗ ಎಂಜಿನ್ನಿನ ಅಡಿ ಕಲ್ಲಿಗೆ ಹತ್ತಿರವಾಗುತ್ತದೆ. ಯಾವ ಎತ್ತರಕ್ಕೆ ದುಡ್ಡು ಕೊಟ್ಟಿದ್ದೋ ಅದನ್ನೇ ಕಳೆದುಕೊಂಡಂತೆ.

ತೂಕ ಎತ್ತಿ ನೋಡಿ

ಸ್ಪ್ಲೆಂಡರು 112 ಕಿಲೋ. ಎಕ್ಸ್‌ಪಲ್ಸ್ 200 ನಾಲ್ಕು ವಾಲ್ವಿನದ್ದು 158 ಕಿಲೋ. ಹಿಮಾಲಯನ್ 450 ಪೆಟ್ರೋಲು ತುಂಬಿದರೆ 196 ಕಿಲೋ. ಕೆಎಲ್ಎಕ್ಸ್ 230 ಬರೀ 139, ಆದರೆ ಸೀಟು ಮುಗಿಲಿಗೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ: ಬೈಕನ್ನು ಮೆತ್ತನೆ ನೆಲದಲ್ಲಿ ಮೆಲ್ಲ ಮಲಗಿಸಿ, ಒಬ್ಬನೇ ಎತ್ತಬೇಕು. ಹ್ಯಾಂಡಲು ಹಿಡಿದು, ಬೆನ್ನು ಬಗ್ಗಿಸದೆ, ಕಾಲಿನ ಬಲದಿಂದ. ಎತ್ತಲಾಗದಿದ್ದರೆ ಕೋಗಾರ ಘಾಟಿಯ ತಿರುವಿನಲ್ಲಿ ಸಂಜೆ ಹೊತ್ತಿಗೆ ಯಾರು ಬಂದು ಎತ್ತುತ್ತಾರೆ?

ಮೀನಿನ ಪೆಟ್ಟಿಗೆಯ ಲೆಕ್ಕ ಬೇರೆಯೇ. ಐಸು ಮೀನು ಸೇರಿ ಮೂವತ್ತು ಕಿಲೋ ಹಿಂದೆ ಎತ್ತರದಲ್ಲಿ ಕೂತರೆ, ಎತ್ತರದ ಬೈಕು ಇನ್ನಷ್ಟು ಓಲಾಡುತ್ತದೆ. ಐಸು ಕರಗಿದ ನೀರು ಪೆಟ್ಟಿಗೆಯೊಳಗೆ ಆಚೀಚೆ ಸರಿದರೆ ಹ್ಯಾಂಡಲಿಗೇ ಗೊತ್ತಾಗುತ್ತದೆ. ಪೆಟ್ಟಿಗೆಗೆ ನೀರು ಹೋಗುವ ತೂತು ಬೇಕು. ಭಾರ ಆದಷ್ಟು ಕೆಳಗೆ, ಸವಾರನ ಬೆನ್ನಿಗೆ ಹತ್ತಿರ ಇರಬೇಕು.

ಗಾಲಿ, ಬ್ರೇಕು, ಟಯರು

ಇನ್ನು ಹುಡುಗನ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಎಕ್ಸ್‌ಪಲ್ಸಿನ ಮುಂದಿನ ಗಾಲಿ 21 ಇಂಚು, ಹಿಂದಿನದು 18. ನೆಲದಿಂದ ಎಂಜಿನ್ನಿನ ಅಡಿಗೆ 220 ಮಿಲಿಮೀಟರು. ಮಳೆಗಾಲದಲ್ಲಿ ಹೊಂಡ ಎಲ್ಲಿ, ಕೊಚ್ಚೆ ಎಲ್ಲಿ ಎಂದು ತಿಳಿಯದ ದಾರಿಯಲ್ಲಿ ದೊಡ್ಡ ಗಾಲಿ ಹೊಂಡದೊಳಗೆ ಧಡಕ್ಕನೆ ಬೀಳದೆ ಉರುಳಿಕೊಂಡು ದಾಟುತ್ತದೆ. ಬೆನ್ನಿಗೆ ಅದರ ಸುಖ ಬೇರೆ. ಗುಡ್ಡದ ಕಡೆಯ ಚಿರೆಕಲ್ಲಿನ ಪುಡಿ ದಾರಿಗೆ ಇದು ನಿಜವಾಗಿ ಉಪಯೋಗ.

ಆದರೆ ಕೊಕ್ಕು ಇದ್ದದ್ದೆಲ್ಲ ಈ ಜಾತಿಯಲ್ಲ. 2021ರಲ್ಲಿ ಹೋಂಡಾ ತಂದ ಸಿಬಿ200ಎಕ್ಸ್ ನೋಡಲು ಕಾಡಿನ ಬೈಕು, ಗಾಲಿ ಮಾತ್ರ ಎರಡೂ 17 ಇಂಚು, ನೆಲದಿಂದ ಎತ್ತರ 167 ಮಿಲಿಮೀಟರು. ಹೆಚ್ಚುಕಮ್ಮಿ ಸ್ಪ್ಲೆಂಡರಿನಷ್ಟೇ! ಡಾಂಬರಿನಲ್ಲೇ ಓಡಾಡುವವನಿಗೆ ಅದರಿಂದ ನಷ್ಟವಿಲ್ಲ. ನೋಟಕ್ಕೆ ಮರುಳಾಗಿ ಗುಡ್ಡ ಹತ್ತುವವನಿಗೆ ನಷ್ಟ.

125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲಿನಿಂದ ಎಬಿಎಸ್ ಬ್ರೇಕು ಕಡ್ಡಾಯ. ಒದ್ದೆ ರಸ್ತೆಯಲ್ಲಿ ಹೆದರಿ ಬ್ರೇಕು ಒತ್ತಿದರೂ ಗಾಲಿ ಕಚ್ಚಿ ಜಾರದಂತೆ ಅದು ತಡೆಯುತ್ತದೆ. ಕೆಲವು ಬೈಕಿನಲ್ಲಿ ಕಚ್ಚಾ ದಾರಿಗೆಂದು ಅದನ್ನು ತಗ್ಗಿಸುವ, ಬಂದು ಮಾಡುವ ಸೌಲಭ್ಯ ಇದೆ. ಹೊಸಬರು ಆ ಗುಂಡಿಯ ತಂಟೆಗೆ ಹೋಗದಿರುವುದೇ ಕ್ಷೇಮ.

ಕಡ್ಡಿ ಗಾಲಿಯ ಟಯರಿನೊಳಗೆ ಟ್ಯೂಬು ಇರುತ್ತದೆ. ಮೊಳೆ ಚುಚ್ಚಿದರೆ ಗಾಳಿ ಅಲ್ಲೇ ಖಾಲಿ. ಪಂಕ್ಚರ್ ಅಂಗಡಿ ಹೆದ್ದಾರಿಯಲ್ಲಿ ಸಿಗುತ್ತದೆ, ಕಾಡಿನ ದಾರಿಯಲ್ಲಿ ಸಿಗುವುದಿಲ್ಲ. ಒಂದು ಟ್ಯೂಬು, ಪಂಪು, ಗಾಲಿ ಬಿಚ್ಚುವ ಪಾನಾ ಜೊತೆಗಿರಲಿ.

ಉಪ್ಪುಗಾಳಿಯ ಬಾಡಿಗೆ

ಬಂದರದ ಗಾಳಿ ಕಬ್ಬಿಣವನ್ನು ತಿನ್ನುತ್ತದೆ. ದೋಣಿಯವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮೊದಲು ತುಕ್ಕು ಹಿಡಿಯುವುದು ಕಡ್ಡಿ, ಚೈನು, ಬ್ರೇಕಿನ ಪಿನ್ನು. ಮೀನಿನ ನೀರು ಸೋರಿದರೆ ಇನ್ನೂ ಬೇಗ. ದಿನಾ ಸಂಜೆ ಬಾವಿ ನೀರು ಹೊಯ್ದು ತೊಳೆಯಬೇಕು, ಒರೆಸಿ ಚೈನಿಗೆ ಎಣ್ಣೆ ಕೊಡಬೇಕು. ಕಡಲ ಮರಳಿನ ಮೇಲೆ ನೀರು ಹಾರಿಸಿಕೊಂಡು ಓಡಿಸುವ ಚಿತ್ರ ಮೊಬೈಲಿನಲ್ಲಿ ಚಂದ. ಉಪ್ಪುನೀರು ಬೇರಿಂಗಿನೊಳಗೆ ಹೊಕ್ಕ ಮೇಲೆ ಚಂದ ಉಳಿಯುವುದಿಲ್ಲ.

ದುಡ್ಡು ಮತ್ತು ಕಾಗದ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ದೊಡ್ಡದಕ್ಕೆ ಶೇಕಡಾ 40 ಆಯಿತು. ಸಣ್ಣ ಬೈಕು ಕೊಳ್ಳುವವನಿಗೆ ಇದು ಲಾಭವೇ. ಆದರೂ ಶೋರೂಮಿನ ಗೋಡೆಯ ಮೇಲಿನ ಬೆಲೆ ಬೇರೆ, ರಸ್ತೆ ತೆರಿಗೆ, ವಿಮೆ ಸೇರಿ ಕೈಗೆ ಬರುವ ಬೆಲೆ ಬೇರೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟುವ ಪದ್ಧತಿ 2018ರಲ್ಲಿ ಬಂತು. ಹೆಲ್ಮೆಟ್ಟಿನ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ. ಒಂದಲ್ಲ, ಎರಡು. ಹಿಂದೆ ಕೂತವರಿಗೂ ಕರ್ನಾಟಕದಲ್ಲಿ 2016ರಿಂದ ಅದು ಕಡ್ಡಾಯ.

ಹಳೇದು ಕೊಳ್ಳುವವರು ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರಿದೆಯೇ, ಗಾಲಿ ತಿರುಗಿಸಿದರೆ ಓಲಾಡುತ್ತದೆಯೇ, ಕಡ್ಡಿ ಸಡಿಲವೇ ನೋಡಬೇಕು. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲ ಬಾಕಿ ಕಾಣುತ್ತದೆಯೇ ನೋಡಬೇಕು. ಮಾರುವವರು 29, 30ನೇ ನಮೂನೆಗೆ ಸಹಿ ಹಾಕಿ ಕೊಡಬೇಕು. ಕೊಂಡವರು 30 ದಿನದೊಳಗೆ ಹೆಸರು ಬದಲಿಗೆ ಅರ್ಜಿ ಕೊಡಬೇಕು. ಕೆ.ಎ. 47 ನಂಬರಿನ ಬೈಕಾದರೆ ಹೊನ್ನಾವರದ ಆರ್‌ಟಿಒ ಕಚೇರಿ.

ಇನ್ನೊಂದು ಬಲೆ. "ರೇಸಿಂಗ್ ಬೈಕು, ಅಗ್ಗಕ್ಕೆ ಉಂಟು" ಎಂದು ಯಾರೋ ತೋರಿಸುತ್ತಾರೆ. ಕವಾಸಾಕಿ ಕೆಎಲ್ಎಕ್ಸ್ 110, 140ರಂಥವು ಮೈದಾನಕ್ಕಷ್ಟೇ ಮಾಡಿದವು. ಅವಕ್ಕೆ ರಸ್ತೆಯ ನೋಂದಣಿ ಇಲ್ಲ. ನಂಬರಿಲ್ಲದ ಬೈಕು ರಸ್ತೆಗಿಳಿದು ಅಪಘಾತವಾದರೆ ಪರಿಹಾರ ಮನೆ ಮಾರಿ ಕೊಡಬೇಕಾದೀತು.

ಎಲ್.ಎಲ್. ಇದ್ದವರು ಹಿಂದೆ ಗೆಳೆಯನನ್ನು ಕೂರಿಸಿಕೊಳ್ಳುವಂತಿಲ್ಲ, ಕಲಿಸುವವರಿದ್ದರೆ ಮಾತ್ರ ಕೂರಬಹುದು. ಪರೀಕ್ಷೆಗೆ 30 ದಿನ ಕಾಯಬೇಕು. ಇನ್ನು ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಟ್ಟ ಪಾಲಕರಿಗೆ 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಕಡೆಗೆ ಏನಾಯಿತು?

ಹೋದ ಭಾನುವಾರ ಅಪ್ಪ ಮಗ ಇಬ್ಬರೂ ಪರಿಚಯದ ಗ್ಯಾರೇಜಿಗೆ ಹೋದರು. ಅಲ್ಲಿ ರಿಪೇರಿಗೆ ಬಂದ ಒಂದು ಎಕ್ಸ್‌ಪಲ್ಸ್ ಇತ್ತು. ಯಜಮಾನರನ್ನು ಕೇಳಿ, ಎಂಜಿನ್ನು ಹಾಕದೆ, ಹುಡುಗನನ್ನು ಕೂರಿಸಿ, ಹಿಂದೆ ಐಸ್ ಪೆಟ್ಟಿಗೆ ಕಟ್ಟಿದರು. ಸಮನೆಲದಲ್ಲಿ ನಿಂತ. ಗೇಟಿನ ಬಳಿಯ ಇಳಿಜಾರಿಗೆ ತಂದಾಗ ಎಡಗಾಲು ಗಾಳಿಯಲ್ಲಿ! ಇಬ್ಬರು ಹಿಡಿದುಕೊಂಡದ್ದಕ್ಕೆ ಬೀಳಲಿಲ್ಲ.

"ತಮಾ, ಬೈಕಿನ ತಪ್ಪಲ್ಲ, ನಿನ್ನ ತಪ್ಪೂ ಅಲ್ಲ. ಒಂದು ವರ್ಷ ತಡಿ," ಅಂದರು ಗ್ಯಾರೇಜಿನ ಅಣ್ಣ.

ಮನೆಯಲ್ಲಿ ಆದ ರಾಜಿ ಹೀಗೆ. ಹಳೇ ಸ್ಪ್ಲೆಂಡರಿಗೆ ಹೊಸ ಟಯರು, ಹೊಸ ಬ್ರೇಕ್ ಶೂ, ಹೊಸ ಚೈನು. ಲೈಸೆನ್ಸು ಬಂದ ಮೇಲೆ ಮೊದಲ ತಿಂಗಳು ಅಪ್ಪನೂ ಹಿಂದೆ ಬಸ್ಸಿನಲ್ಲಿ ಹಾಡುವಳ್ಳಿಗೆ ಬಂದು ಗಿರಾಕಿಗಳ ಮನೆ ತೋರಿಸುವುದು. ಬೈಕಿಗೆಂದು ಕೂಡಿಟ್ಟ ದುಡ್ಡು ಪೋಸ್ಟಾಫೀಸಿನಲ್ಲೇ ಇರುವುದು. ಒಂದು ಮಳೆಗಾಲ ಬೀಳದೆ ಓಡಿಸಿದರೆ ಎತ್ತರದ ಬೈಕಿನ ಮಾತು ಮತ್ತೆ ಎತ್ತುವುದು. ಆಗ ತಕರಾರು ಇಲ್ಲ ಎಂದು ಅಪ್ಪ ಮಾತು ಕೊಟ್ಟಿದ್ದಾರೆ.

ಅಮ್ಮ ಇನ್ನೂ ಮಾತು ಕೊಟ್ಟಿಲ್ಲ. ಹೆಲ್ಮೆಟ್ಟಿನ ದುಡ್ಡು ಮಾತ್ರ ಅವರೇ ಮಲ್ಲಿಗೆ ಮಾರಿದ ಗಂಟಿನಿಂದ ತೆಗೆದುಕೊಟ್ಟರು.