ಕಡತಕ್ಕೂ ಒಂದು ಮುಖಪುಟವಿತ್ತು

ಸರ್ಕಾರಿ ಸೇವೆಯಲ್ಲಿ ಆಯುಷ್ಯದ ಬಹುಭಾಗ ಕಳೆದ ನನ್ನಂಥವರಿಗೆ ‘ಕಡತ’ ಎಂದೊಡನೆ ಕಣ್ಣಿಗೆ ಕಟ್ಟುವುದು ಮಾಸಿದ ರಟ್ಟು, ಅಂಚು ಹರಿದ ಟಿಪ್ಪಣಿ ಹಾಳೆಗಳು ಮತ್ತು ಬಿಗಿದ ದಾರದ ಗಂಟು. ಅದನ್ನು ಚೆಲುವಿನ ವಸ್ತುವೆಂದು ಯಾರೂ ಭಾವಿಸಲಾರರು. ಆದರೆ ಕಡತಕ್ಕೂ ಒಂದು ಕಾಲದಲ್ಲಿ ಮುಖಪುಟವಿತ್ತು.

ಶೃಂಗೇರಿ ಮಠದ ಕಡತಗಳು ಇತಿಹಾಸದ ಅಭ್ಯಾಸಿಗಳಿಗೆ ಸುಪರಿಚಿತ. ಎ.ಕೆ. ಶಾಸ್ತ್ರಿ ಅವರು ಅವುಗಳಲ್ಲಿ ಆಯ್ದ ಕೆಲವನ್ನು ಸಂಪಾದಿಸಿ ಪ್ರಕಟಿಸಿದ್ದಾರೆ. ಆಗ ಕಡತವೆಂದರೆ ಉದ್ದನೆಯ ಹತ್ತಿಬಟ್ಟೆ. ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಸಮನಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಸ್ಲೇಟಿನಲ್ಲಿ ಮಾಡುವಂತೆ ಅಳಿಸಿ ಮತ್ತೆ ಬರೆಯಬಹುದಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟ ಹೊರತಂದ ತನ್ನ ಇತಿಹಾಸಗ್ರಂಥದಲ್ಲಿ ಕಡತವನ್ನು ವಿವರವಾಗಿ ಬಣ್ಣಿಸಿದ್ದಾನೆ: 8 ಅಂಗುಲದಿಂದ 1 ಅಡಿ ಅಗಲ, 12ರಿಂದ 18 ಅಡಿ ಉದ್ದ, ಎರಡು ಕೊನೆಯ ಮಡಿಕೆಗಳಿಗೆ ಬಣ್ಣ ಹಚ್ಚಿ ಮೆರುಗು ಕೊಟ್ಟ ಮರದ ಹಲಗೆಗಳು, ಮೇಲೊಂದು ರೇಷ್ಮೆಯ ಅಥವಾ ಹತ್ತಿಯ ಚೀಲ. ಸಾಮಾನ್ಯರ ಕಡತಕ್ಕೆ ಈ ಅಲಂಕಾರವಿಲ್ಲ, ಬರೀ ದಾರ. (ನಮ್ಮ ಕಚೇರಿಗಳಿಗೆ ಬಳುವಳಿಯಾಗಿ ಬಂದದ್ದು ಈ ಎರಡನೆಯದು.)

ನನ್ನನ್ನು ಕಾಡುವ ಸಂಗತಿ ಬೇರೆ. ಕಡತದ ಬರಹ ಅಳಿಸಬಹುದಾದದ್ದು. ಅದರ ಚಿತ್ರಿತ ಹಲಗೆ ಮಾತ್ರ ಉಳಿಯುವಂಥದ್ದು. ಕೇವಲ ಲೆಕ್ಕಪತ್ರಕ್ಕೂ ಒಂದು ಮುಖ ಬೇಕೆಂದು ನಮ್ಮ ಹಿರಿಯರಿಗೆ ತೋರಿತ್ತು. ಇಂದು ಇದು ತಿರುಗುಮುರುಗಾಗಿದೆ. ಬರಹವನ್ನು ಉಳಿಸಿಕೊಂಡು ಮುಖವನ್ನು ಕಿತ್ತೆಸೆಯುತ್ತಿದ್ದೇವೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮಳೆಗಾಲವನ್ನು ಬಲ್ಲವರಿಗೆ ಪುಸ್ತಕದ ಪಾಡನ್ನು ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆಗಳು ತೇವ ಹೀರುತ್ತವೆ, ಬೆನ್ನಿನ ಅಂಟು ಬಿಡುತ್ತದೆ, ರಟ್ಟಿನ ಮೇಲೆ ಬೂಷ್ಟು ಹಬ್ಬುತ್ತದೆ. ಗ್ರಂಥಾಲಯದಿಂದ ಪುಸ್ತಕ ಬೈಂಡಿಂಗ್‌ಗೆ ಹೋಗುತ್ತದೆ. ಬರುವಾಗ ಕಂದು ಕ್ಯಾಲಿಕೋ ಹೊದ್ದು, ಬೆನ್ನಿಗೊಂದು ಸಂಖ್ಯೆ ಅಂಟಿಸಿಕೊಂಡು ಬರುತ್ತದೆ. ಮಲೆನಾಡಿನ ಒಂದು ಗ್ರಂಥಾಲಯದಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ನಾನು ಕಂಡದ್ದು ಹೀಗೆ. ಪಕ್ಕದಲ್ಲಿದ್ದ ತೆರಿಗೆ ಕೈಪಿಡಿಗೂ ಅದಕ್ಕೂ ಹೊರಗಿನಿಂದ ಯಾವ ವ್ಯತ್ಯಾಸವೂ ಇರಲಿಲ್ಲ.

ಈ ಸೀಮೆಯಲ್ಲಿ ಅದು ಇನ್ನಷ್ಟು ನೋಯಿಸುತ್ತದೆ. 1970ರ ‘ಸಂಸ್ಕಾರ’ ಚಿತ್ರ ಬಹುಮಟ್ಟಿಗೆ ಚಿತ್ರೀಕರಣಗೊಂಡದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ಅದರ ಕಲಾನಿರ್ದೇಶಕರು ಚೋಳಮಂಡಲ ಕಲಾಗ್ರಾಮದ ಎಸ್.ಜಿ. ವಾಸುದೇವ್, ಕನ್ನಡ ಪುಸ್ತಕಗಳಿಗೆ ಮುಖಪುಟಗಳನ್ನೂ ರಚಿಸಿದ ಕಲಾವಿದ. ನವ್ಯದ ಓದುಗರು ಆಧುನಿಕ ಚಿತ್ರಕಲೆಯನ್ನು ಮೊದಲು ಕಂಡದ್ದು ಯಾವುದೇ ಗ್ಯಾಲರಿಯಲ್ಲಲ್ಲ, ಇಂಥ ಮುಖಪುಟಗಳಲ್ಲಿ. ಕೊಪ್ಪದಂಥ ಊರಿನಲ್ಲಿ ಗ್ಯಾಲರಿಯಾದರೂ ಎಲ್ಲಿತ್ತು?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದರ ಮೂಲ ಬೆಲೆಕಟ್ಟುವ ಕ್ರಮದಲ್ಲಿದೆ ಎನ್ನಿಸುತ್ತದೆ. ಸಗಟು ಖರೀದಿಯಲ್ಲಿ ಪುಸ್ತಕದ ದರ ನಿಗದಿಯಾಗುವುದು ಪುಟಗಳ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಮುಖಪುಟ ಎಷ್ಟೇ ಚೆನ್ನಾಗಿದ್ದರೂ ಪ್ರಕಾಶಕನಿಗೆ ಹೆಚ್ಚುವರಿಯಾಗಿ ಏನೂ ದಕ್ಕುವುದಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ‘ಪುಸ್ತಕ ಸೊಗಸು’ ಬಹುಮಾನಗಳಲ್ಲಿ ಮುಖಪುಟ ವಿನ್ಯಾಸವನ್ನೂ ಗುರುತಿಸುತ್ತಿರುವುದು ಮೆಚ್ಚತಕ್ಕ ಮಾತು. ಆದರೆ ಒಂದು ಸರ್ಕಾರಿ ಸಂಸ್ಥೆ ಬಹುಮಾನ ಕೊಟ್ಟ ಮುಖಪುಟವನ್ನು ಇನ್ನೊಂದು ಸರ್ಕಾರಿ ಕಪಾಟು ಕಿತ್ತು ಬಿಸಾಡಿದರೆ ಏನು ಹೇಳೋಣ?

ಹೊರದೇಶಗಳವರೂ ಈ ತಪ್ಪು ಮಾಡಿದವರೇ. ಅಲ್ಲಿನ ದೊಡ್ಡ ಗ್ರಂಥಾಲಯಗಳು ಪುಸ್ತಕಗಳ ಮೇಲುಹೊದಿಕೆಯನ್ನು ಬಹುಕಾಲ ಕಸವೆಂದೇ ಎಣಿಸಿದ್ದವು. ಇಂದು 1925ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಮೊದಲ ಮುದ್ರಣದ ಪ್ರತಿಗೆ ಫ್ರಾನ್ಸಿಸ್ ಕುಗಾಟ್ ಬರೆದ ಹೊದಿಕೆ ಇದ್ದರೆ, ಇಲ್ಲದ ಪ್ರತಿಗಿಂತ ಹತ್ತಾರು ಪಟ್ಟು ಬೆಲೆ. ನಮ್ಮಲ್ಲಿ ಅಂಥ ಹರಾಜು ನಡೆಯಬೇಕೆಂದು ನನ್ನ ವಾದವಲ್ಲ. ಬೈಂಡಿಂಗ್‌ನ ಷರತ್ತುಗಳಲ್ಲಿ ‘ಮೂಲ ಮುಖಪುಟವನ್ನು ಹೊಸ ರಟ್ಟಿನ ಮೇಲೆ ಅಂಟಿಸತಕ್ಕದ್ದು’ ಎಂಬ ಒಂದು ಸಾಲು ಸೇರಿದರೆ ಸಾಕು. ಇಂಥ ಸಾಲುಗಳನ್ನು ಸೇರಿಸುವುದು ಎಷ್ಟು ಸುಲಭವೆಂದು ನಾನು ಬಲ್ಲೆ. ಎಷ್ಟು ಕಷ್ಟವೆಂದೂ ಬಲ್ಲೆ.

ಕಳೆದ ಮಳೆಗಾಲ ಮುಗಿದ ಮೇಲೆ ಮನೆಯ ನಾಲ್ಕು ಪುಸ್ತಕಗಳನ್ನು ಕೊಪ್ಪದಲ್ಲಿ ಬೈಂಡಿಂಗ್‌ಗೆ ಕೊಟ್ಟೆ. ಕೆಲಸದಾತ ಮುಖಪುಟ ಹಿಡಿದು, “ಇದನ್ನ ಇಟ್ಕೊಳ್ಳೋದಾ ಸಾರ್, ತೆಗೆಯೋದಾ?” ಎಂದು ಕೇಳಿದರು. ಇಟ್ಟುಕೊಳ್ಳಿ ಎಂದೆ. ಪುಸ್ತಕಕ್ಕೆ ಹತ್ತು ರೂಪಾಯಿ ಹೆಚ್ಚಾಯಿತು.